ಹಿಟ್ಟಿನ ಗೋಡೆಯ ಹಕ್ಕಿ

ಕರಜಗಿ
೨೨ ಸೆಪ್ಟೆಂಬರ್ ೨೦೨೪

ತಮ್ಮಾ ಕಾಂತೇಶ,

ನಿನ್ನ ಅಕ್ಕ ಶಾರದಾ ಗಟ್ಟಿಯಾಗಿದ್ದಾಳೆ. ಹಿಟ್ಟಿನ ಗಿರಣಿಯೂ ಗಟ್ಟಿಯಾಗಿದೆ, ಹೋದ ವಾರ ಹೊಸ ಬೆಲ್ಟು ಹಾಕಿಸಿದೆವು. ಕ್ಷೇಮ ಸಮಾಚಾರ ಇಷ್ಟೇ. ಇನ್ನು ಜಗಳ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಶೀತಲ ಎತ್ತಿ, "ಅವ್ರು ಕಾರಖಾನಿಗಿ ಹೋಗ್ಯಾರ್ರಿ ಅಕ್ಕಾರ" ಅನ್ನುತ್ತಾಳೆ. ರವಿವಾರವೂ ನಿಮ್ಮ ಟವೆಲ್ ಕಾರಖಾನೆಯಲ್ಲಿ ಮಗ್ಗ ಓಡುತ್ತವೆಯೇನು? ನಿನ್ನ ಹೆಂಡತಿಗೆ ಸುಳ್ಳು ಹೇಳಲು ಬರುವುದಿಲ್ಲ, ಪಾಪ, ಆಕೆಯ ದನಿ ಬೆವರುತ್ತದೆ.

ಹೋದ ವರ್ಷ ದೀಪಾವಳಿಯ ಭಾವುಬೀಜಕ್ಕೆ, ಅಕ್ಕನ ಆರತಿಗೆ, ನೀನು ಬರಲಿಲ್ಲ. ಕತ್ತಲಾಗುವ ತನಕ ಆರತಿ ತಟ್ಟೆ ಹಿಡಿದುಕೊಂಡು ಹೊಸ್ತಿಲಲ್ಲಿ ಕೂತಿದ್ದೆ. ಅಣ್ಣತಮ್ಮಂದಿರಿಲ್ಲದ ಹೆಣ್ಣುಮಕ್ಕಳು ಆ ದಿನ ಚಂದ್ರನಿಗೆ ಬೆಳಗುತ್ತಾರಲ್ಲ, ನಾನು ತಮ್ಮನಿದ್ದೂ ಚಂದ್ರನಿಗೆ ಬೆಳಗಿ ಒಳಗೆ ಬಂದೆ. ಅವನು ಉಗುರಿನಷ್ಟೇ ಇದ್ದ, ಆರತಿಯ ಕಾಣಿಕೆ, ಓವಾಳಣಿ ಅಂತ ತಟ್ಟೆಯಲ್ಲಿ ಏನೂ ಹಾಕಲಿಲ್ಲ. ಈ ಸಲ ಬರುತ್ತೀಯೋ ಇಲ್ಲವೋ, ಅಷ್ಟು ಬರೆ.

ಇನ್ನೊಂದು ಸುದ್ದಿ. ಗಿರಣಿಯ ಹಿಂದಿನ ಕಲ್ಲುಗೋಡೆಗೆ ಒಂದು ಹಕ್ಕಿ ಬರುತ್ತಿದೆ. ಗುಬ್ಬಿಗಿಂತ ಸಣ್ಣದು, ಹೆಬ್ಬೆರಳಿಗೆ ಪುಕ್ಕ ಕಟ್ಟಿದಷ್ಟು. ಹಿಟ್ಟು ತೂರಿ ಹೊರಗೆ ಹೋಗುವ ಕಿಟಕಿಯ ಜಾಳಿಗೆಯಿಂದ ನೋಡಿದೆ. ನೋಡಿದೆ ಅನ್ನುವಷ್ಟರಲ್ಲಿ ಇರಲಿಲ್ಲ. ಹಳೇ ಹಕ್ಕಿ ಯಾವುದೂ ಅಲ್ಲ. ಹಕ್ಕಿಯ ಹುಚ್ಚು ನಿನ್ನದು, ಅದಕ್ಕೆ ಹೇಳಿದೆ.

ಅಜ್ಜಿ, ನಮ್ಮ ಆಯಿ, ಬೀಸುವ ಕಲ್ಲಿನ ಮುಂದೆ ಕೂತು ಹೇಳುತ್ತಿದ್ದ ಕಥೆ ನೆನಪಾಯಿತು. ಮಳೆಗಾಲ ಮುಗಿದ ಮೇಲೆ ಹೆಸರಿಲ್ಲದ ಹಕ್ಕಿಯೊಂದು ಮನೆಮನೆಗೆ ಹೋಗಿ, "ನನಗೊಂದು ಹೆಸರು ಕೊಡ್ರಿ" ಅಂತ ಕೇಳುತ್ತದೆ. ಎಲ್ಲರ ಮನೆಯಲ್ಲೂ ಬೀಸುವ ಸದ್ದು, ಯಾರಿಗೂ ಕೇಳಿಸುವುದಿಲ್ಲ. ಕಡೆಗೆ ಏನಾಗುತ್ತದೆ? ನನಗೆ ನೆನಪಿಲ್ಲ. ನಿನಗಿದ್ದರೆ ಬರೆ.

ಮೊಬೈಲಿನಲ್ಲೇ ಬರೆಯೋಣವೆಂದರೆ ಹಿಟ್ಟಿನ ಬೆರಳಿಗೆ ಅದು ಓಗೊಡುವುದಿಲ್ಲ. ಈ ಪತ್ರವನ್ನೂ ಕಡಕ ರೊಟ್ಟಿಯ ಗಂಟನ್ನೂ ಸೋಲಾಪುರ ಬಸ್ಸಿನ ಕಂಡಕ್ಟರ್ ಭೀಮಶಾನ ಕೈಯಲ್ಲಿ ಕೊಟ್ಟಿದ್ದೇನೆ.

ನಿನ್ನ ಅಕ್ಕ
ಶಾರದಾ


ಸೋಲಾಪುರ
೨೫ ಸೆಪ್ಟೆಂಬರ್ ೨೦೨೪

ಅಕ್ಕಾ,

ಪತ್ರ ಸಿಕ್ಕಿತು. ರೊಟ್ಟಿ ಒಂದೂ ಮುರಿದಿರಲಿಲ್ಲ.

ನೀನು ಕಂಡದ್ದು ಉಲಿಯಕ್ಕಿಯ ಜಾತಿ ಇರಬೇಕು. ಇವು ಹಿಮಾಲಯದ ಕಡೆಯಿಂದ ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಕಡೆಗೆ ಇಳಿಯುತ್ತವೆ. ಕೆಲವು ಇಲ್ಲೇ ಉಳಿಯುತ್ತವೆ, ಕೆಲವು ನಾಲ್ಕು ದಿನ ದಣಿವಾರಿಸಿಕೊಂಡು ಮುಂದೆ ಹೋಗುತ್ತವೆ. ಎಲ್ಲ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಅರೆಕ್ಷಣ ಕಂಡು ಹೆಸರು ಹೇಳುವುದು ಕಷ್ಟ.

ಹಾಗಾಗಿ ಇನ್ನೊಮ್ಮೆ ಬಂದರೆ ಇಷ್ಟು ನೋಡು. ಕಣ್ಣಿನ ಮೇಲೆ ಹುಬ್ಬಿನಂಥ ಗೆರೆ ಇದೆಯೇ, ಅದರ ಬಣ್ಣ ಯಾವುದು? ರೆಕ್ಕೆಯ ಮೇಲೆ ಅಡ್ಡಪಟ್ಟಿ ಇದೆಯೇ, ಇದ್ದರೆ ಒಂದೋ ಎರಡೋ? ಫೋಟೋ ಸಿಕ್ಕರೆ ಒಳ್ಳೆಯದು. ಕಥೆ ಬೇಡ ಅಕ್ಕಾ, ಕಂಡದ್ದನ್ನು ಮಾತ್ರ ಬರೆ. ನಮ್ಮ ಹಕ್ಕಿ ನೋಡುವ ಗುಂಪಿನಲ್ಲಿ ಹೇಳಬೇಕಾದರೆ ಅಷ್ಟು ಬೇಕು.

ಕಾರಖಾನೆಯಲ್ಲಿ ಹಬ್ಬದ ಆರ್ಡರಿನ ಕೆಲಸ ಹೆಚ್ಚಿದೆ. ಆಯಿಯ ಕಥೆಯ ಕಡೆ ನನಗೂ ನೆನಪಿಲ್ಲ.

ಕಾಂತೇಶ


ಕರಜಗಿ
೧ ಅಕ್ಟೋಬರ್ ೨೦೨೪

ತಮ್ಮಾ,

ಹುಬ್ಬು ಕೇಳಿದೆ, ರೆಕ್ಕೆ ಕೇಳಿದೆ, ಕೇಳಿದ ಮಾತಿಗೆ ಉತ್ತರ ಕೊಡಲಿಲ್ಲ. ಇರಲಿ. ನಿನ್ನ ಹಕ್ಕಿಯನ್ನು ಮೊದಲು ಮುಗಿಸುತ್ತೇನೆ.

ನಿನ್ನೆ ಮಧ್ಯಾಹ್ನ ಉಮಾಬಾಯಿಯ ಜೋಳ ಅರ್ಧ ಬೀಸಿತ್ತು, ಕರೆಂಟ್ ಹೋಯಿತು. ಓಡುತ್ತಿದ್ದ ಗಿರಣಿ ಒಮ್ಮೆಲೇ ನಿಂತರೆ ಹೇಗಿರುತ್ತದೆ ನಿನಗೆ ಗೊತ್ತಿಲ್ಲ. ಮೊದಲು ಬೆಲ್ಟು ಉಸಿರುಬಿಡುತ್ತದೆ. ಆಮೇಲೆ ಇಷ್ಟು ಹೊತ್ತು ಎಲ್ಲೋ ಅಡಗಿ ಕೂತಿದ್ದ ಊರು ಒಂದೊಂದಾಗಿ ಒಳಗೆ ಬರುತ್ತದೆ: ಯಾರದೋ ಕೆಮ್ಮು, ದೂರದ ಆಡು, ಗೋಡೆಯಾಚೆ ಯಾರೋ ಕೊಡ ಇಳಿಸಿದ್ದು. ಹಿಟ್ಟು ಮಾತ್ರ ಕೆಳಗಿಳಿಯಲು ಒಲ್ಲೆ ಅನ್ನುತ್ತದೆ. ಜಾಳಿಗೆಯಿಂದ ಬಂದ ಬಿಸಿಲಿನಲ್ಲಿ ಸುಮ್ಮನೆ ತೇಲುತ್ತ ನಿಲ್ಲುತ್ತದೆ. ನಾನೂ ಉಮಾಬಾಯಿಯೂ ಆ ಬೆಳಕಿನೊಳಗೆ ಕೂತಿದ್ದೆವು, ಯಾರದೋ ಕನಸಿನಲ್ಲಿ ಬಂದು ಕೂತವರ ಹಾಗೆ.

ಆಗ ಅದು ಬಂತು. ರೆಕ್ಕೆಯ ಮೇಲೆ ಬಿಳಿ ಪಟ್ಟಿ ಎರಡು, ಖರೆ. ಹುಬ್ಬು ಇದ್ದ ಹಾಗಿತ್ತು. ಕಾಲು ಕಾಣಲಿಲ್ಲ. ಗಿಡದ ಮೇಲೆ ಕೂಡಲಿಲ್ಲ ಕಾಂತೇಶ, ಗೋಡೆಯ ಮೇಲೇ ಓಡಿತು. ಕಲ್ಲಿನ ಸಂದಿಯಲ್ಲಿ ಮೂಗು ತೂರಿಸುತ್ತ, ಒಮ್ಮೆ ಮೇಲಕ್ಕೆ, ಒಮ್ಮೆ ತಲೆಕೆಳಗಾಗಿ ಕೆಳಕ್ಕೆ. ನಮ್ಮ ಯಜಮಾನರು, ನಿನ್ನ ದಾಜಿ, ಬಾಗಿಲಲ್ಲಿ ನಿಂತು, "ಏ, ಅದು ಇಲಿ ಅದ ನೋಡಾ" ಅಂದರು. "ಇಲಿಗಿ ಪುಕ್ಕಾ ಯಾವಾಗ ಬಂದ್ವರಿ?" ಅಂದಳು ಉಮಾಬಾಯಿ. ಆ ನಗುವಿಗೆ ಹಾರಿಹೋಯಿತು.

ಹೋಗುವಾಗ ಒಂದು ಸಲ ಕೂಗಿತು. ತಾಮ್ರದ ಕೊಡಕ್ಕೆ ಮೇಲಿನಿಂದ ಒಂದೇ ಒಂದು ಹನಿ ಬಿದ್ದಂತೆ. ನೀನಾಗಿದ್ದರೆ ಅಲ್ಲೇ ಹಾಗೇ ಕೂಗಿ ತೋರಿಸುತ್ತಿದ್ದೆ. ಸಣ್ಣವನಿದ್ದಾಗ ನೀನು ಕೂಗಿದರೆ ಹಕ್ಕಿಗಳೇ ಮೋಸ ಹೋಗುತ್ತಿದ್ದವು.

ಫೋಟೋ ತೆಗೆದೆ. ಗೋಡೆ ಬಹಳ ಚೆಂದ ಬಂದಿದೆ.

ಈಗ ಹೇಳು, ಭಾವುಬೀಜಕ್ಕೆ ಬರುತ್ತೀಯಾ?

ಶಾರದಾ


ಸೋಲಾಪುರ
೪ ಅಕ್ಟೋಬರ್ ೨೦೨೪

ಅಕ್ಕಾ,

ಎರಡು ಬಿಳಿ ಪಟ್ಟಿ! ಒಂದಾಗಿದ್ದರೆ ಪ್ರತಿ ವರ್ಷ ಬರುವ ಮಾಮೂಲಿ ಉಲಿಯಕ್ಕಿ ಎನ್ನುತ್ತಿದ್ದೆ. ಎರಡು ಇದ್ದು, ಹುಬ್ಬೂ ಇದ್ದರೆ ಅದು ಹಳದಿ ಹುಬ್ಬಿನ ಉಲಿಯಕ್ಕಿ ಇರಬಹುದು. ನಮ್ಮ ಭಾಗದಲ್ಲಿ ಅದನ್ನು ಕಂಡವರನ್ನು ನಾನು ಕಂಡಿಲ್ಲ. ನಿನ್ನೆ ಸಂಜೆ ಗುಂಪಿನ ಹಿರಿಯರಾದ ಕಲ್ಯಾಣಪ್ಪ ಸರ್ ಅವರ ಮನೆಗೆ ಹೋಗಿ ಹೇಳಿಬಿಟ್ಟೆ. ಬಹಳ ದಿನಗಳ ಮೇಲೆ ಹೋದದ್ದು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

ಗೋಡೆಯ ಮೇಲೆ ಇಲಿಯಂತೆ ಓಡಿತು ಅಂದೆಯಲ್ಲ, ಅದನ್ನು ಮಾತ್ರ ನಾನು ಹೇಳಲಿಲ್ಲ. ಈ ಹಕ್ಕಿ ಎಲೆಗಳ ನಡುವೆ ತಿರುಗುವಂಥದ್ದು. ನಿನ್ನ ಮಾತಿನಲ್ಲಿ ಆಯಿ ಬಂದು ಸೇರಿಕೊಂಡಿದ್ದಾಳೆ, ನೀನೇ ಆಕೆಯನ್ನು ಸೋಸಿ ತೆಗೆ.

ಕೂಗು ಹೇಗಿತ್ತೆಂದು ಕಲ್ಯಾಣಪ್ಪ ಸರ್ ಕೇಳುತ್ತಿದ್ದಾರೆ. ಇಂಥ ಹಕ್ಕಿಯನ್ನು ಬಣ್ಣ ನೋಡಿ ಒಪ್ಪಲು ಆಗುವುದಿಲ್ಲ, ಕೂಗಿನಿಂದಲೇ ಇದು ಅದು ಎಂದು ಬೇರೆ ಮಾಡಬೇಕು. ಹಳದಿ ಹುಬ್ಬಿನದು ಎಳೆದು ಕೂಗುತ್ತದೆ, ಕೊನೆಯಲ್ಲಿ ದನಿ ಮೇಲೇರುತ್ತದೆ. ನೀನು ಕೇಳಿದ್ದು ಉದ್ದವೋ ಗಿಡ್ಡವೋ? ಏರುತ್ತದೋ ಇಳಿಯುತ್ತದೋ? ಓದಿದವನಿಗೆ ಕೇಳಿಸಬೇಕು, ಹಾಗೆ ಬರೆ.

ಕಾಂತೇಶ


ಕರಜಗಿ
೨೦ ಅಕ್ಟೋಬರ್ ೨೦೨೪

ಕಾಂತೇಶ,

ಇಷ್ಟು ದಿನ ಬರೆಯಲಿಲ್ಲ, ಸಿಟ್ಟು ಬಂದಿತ್ತು. ನಾನು ಕಣ್ಣಾರೆ ಕಂಡದ್ದರಲ್ಲಿ ಆಯಿ ಸೇರಿದ್ದಾಳಂತೆ. ಸೇರಿದರೆ ತಪ್ಪೇನು? ಆಕೆ ನಿನಗಿಂತ ಹೆಚ್ಚು ಹಕ್ಕಿ ನೋಡಿದ್ದಳು.

ಕೂಗನ್ನು ಅಕ್ಷರದಲ್ಲಿ ಬರೆ ಅನ್ನುತ್ತೀಯ. ಗಿರಣಿ ನಿಲ್ಲಿಸಿದಾಗಲೊಮ್ಮೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಹೋದ ಗುರುವಾರವೇ ನಿನಗೆ ಕಳಿಸಿದ್ದೇನೆ. ಕೇಳಿದೆಯೋ ಇಲ್ಲವೋ? ಎರಡು ನೀಲಿ ಗುರುತು ಬಿದ್ದಿವೆ, ಒಂದು ಮಾತಿಲ್ಲ.

ಈಗ ದೀಪಾವಳಿಯ ಬೀಸುವಿಕೆ ಸುರುವಾಗಿದೆ. ಮೂರು ದಿನದಿಂದ ಬರೀ ಕಡ್ಲಿಬ್ಯಾಳಿ. ಲಾಡು, ಶೇವು, ಚಕಲಿ, ಊರೆಲ್ಲ ಇಲ್ಲೇ ಇದೆ. ನಿನ್ನ ಹಕ್ಕಿ ನಿನ್ನೆ ಮತ್ತೆ ಬಂತು. ಪಟ್ಟಿ ಬಿಳಿ ಅಲ್ಲ, ಹಳದಿ. ಬರಿ ಪಟ್ಟಿಯಲ್ಲ, ಮೈಯೆಲ್ಲ ಹಳದಿ ಹೊಡೆಯುತ್ತಿತ್ತು. ಇದನ್ನೂ ಆಯಿ ಬಂದು ಹೇಳಿದಳು ಅನ್ನು.

ಇನ್ನೊಂದು. ಮೊನ್ನೆ ಭೀಮಶಾ ಸೋಲಾಪುರ ಸ್ಟ್ಯಾಂಡಿನಲ್ಲಿ ನಿನ್ನನ್ನು ಕಂಡನಂತೆ. "ಹೆಸರಿಡಿದು ಒದರಿದ್ನಿ ಅಕ್ಕಾರ, ಮೂರ ಸಲ. ಪ್ಲಾಟ್‌ಫಾರ್ಮ್ ತುಂಬ ಮಂದಿ ತಿರಗಿ ನೋಡಿದ್ರು, ನಿಮ್ಮ ತಮ್ಮ ಮಾತ್ರ ನೋಡಲಿಲ್ಲ. ಸಾಹೇಬ ಆಗ್ಯಾನೇನ್ರಿ?" ಅಂದ. ನಾನು ನಕ್ಕು, "ಹಕ್ಕಿ ನೋಡಾಕತ್ತಿರಬೇಕು ಬಿಡಪಾ" ಅಂದೆ. ಒಳಗೆ ಬಂದು ಅತ್ತೆ.

ನಾನು ಏನು ತಪ್ಪು ಮಾಡಿದೆ, ಅದನ್ನಾದರೂ ಬರೆ. ಹೊಲದ ಪಾಲಿನ ಮಾತೇ? ಶೀತಲಗೆ ಏನಾದರೂ ಅಂದೆನೇ? ಅಕ್ಕನ ಮೇಲೆ ಸಿಟ್ಟಾಗುವ ಹಕ್ಕು ನಿನಗಿದೆ. ಕಾರಣ ಹೇಳದೆ ಸಿಟ್ಟಾಗುವ ಹಕ್ಕಿಲ್ಲ.

ಶಾರದಾ


ಸೋಲಾಪುರ
೨೨ ಅಕ್ಟೋಬರ್ ೨೦೨೪

ಅಕ್ಕಾ,

ನನಗೆ ಯಾರ ಮೇಲೂ ಸಿಟ್ಟಿಲ್ಲ. ಸ್ಟ್ಯಾಂಡಿನಲ್ಲಿ ಗದ್ದಲವಿತ್ತು. ಭೀಮಶಾನಿಗೆ ಹೇಳು.

ಬಿಳಿ ಪಟ್ಟಿ ಮೂರು ವಾರದಲ್ಲಿ ಹಳದಿ ಆಗುವುದಿಲ್ಲ. ಒಂದೋ ಆಗ ತಪ್ಪು ಕಂಡಿದ್ದೀ, ಇಲ್ಲವೇ ಈಗ. ಅಥವಾ ಎರಡು ಬೇರೆ ಹಕ್ಕಿ. ನಾಲ್ಕು ಪುಸ್ತಕ ಹರಡಿಕೊಂಡು ಕೂತಿದ್ದೇನೆ, ಯಾವುದರಲ್ಲೂ ನಿನ್ನ ಹಕ್ಕಿ ಇಲ್ಲ. ಕಲ್ಯಾಣಪ್ಪ ಸರ್ ಮುಂದೆ ಹೇಳಿ ಸಿಕ್ಕಿಬಿದ್ದೆ. ಗುಂಪಿನಲ್ಲಿ ನನ್ನ ಮಾತಿಗೆ ಒಂದು ಕಾಲದಲ್ಲಿ ತೂಕವಿತ್ತು.

ರೆಕಾರ್ಡ್ ಕೇಳಿದೆ. ಹಕ್ಕಿಯ ಕೂಗು ಸ್ಪಷ್ಟವಾಗಿಲ್ಲ, ಬಹಳ ದೂರದಲ್ಲಿದೆ. ಅದಕ್ಕೇ ಅಕ್ಷರದಲ್ಲಿ ಬರೆ ಎಂದದ್ದು.

ಕಾಂತೇಶ


ಕರಜಗಿ
೨೬ ಅಕ್ಟೋಬರ್ ೨೦೨೪

ತಮ್ಮಾ,

ನಿನ್ನ ಹಕ್ಕಿಯ ಗುಟ್ಟು ಸಿಕ್ಕಿತು. ಕೂತು ಓದು, ನಿಂತು ಓದಿದರೆ ಬೀಳುತ್ತೀ.

ಗುರುವಾರ ಸಂಜೆ ಗಿರಣಿ ಬಂದ್ ಮಾಡಿ ಕೈಕಾಲು ತೊಳೆಯಲು ಹೋದೆ. ಕನ್ನಡಿಯಲ್ಲಿ ನೋಡಿದರೆ ನನ್ನ ಎರಡೂ ಹುಬ್ಬು ಹಳದಿ! ರೆಪ್ಪೆ ಹಳದಿ, ಮುಂಗೂದಲು ಹಳದಿ. ನಿನ್ನ ದಾಜಿಗೆ ತೋರಿಸಿ, "ಇದು ಯಾವ ಹಕ್ಕಿ ಹೇಳ್ರಿ ನೋಡೋಣು" ಅಂದೆ. "ಇದು ನಮ್ಮ ಮನ್ಯಾಗಿನ ಗೂಗಿ" ಅಂದರು. ನಗುತ್ತ ನಗುತ್ತಲೇ ಹೊಳೆಯಿತು. ಜೋಳ ಬೀಸಿದ ದಿನ ನನ್ನ ಹುಬ್ಬು ಬಿಳಿ ಇರುವುದಿಲ್ಲವೇ? ಆ ಗೋಡೆಯ ಕಲ್ಲಿಗೆ ಹಿಟ್ಟು ಬೆರಳು ದಪ್ಪ ಅಂಟಿದೆ. ಸಂದಿಗಳಲ್ಲಿ ಹಿಟ್ಟಿನ ಪತಂಗ, ಜೇಡ, ಅವನ್ನು ಹುಡುಕಿಕೊಂಡು ಹಕ್ಕಿ ಅಲ್ಲೇ ಮೈ ಉಜ್ಜುತ್ತ ಓಡುತ್ತದೆ. ರೆಕ್ಕೆಯ ಅಂಚಿಗೆ ಹಿಟ್ಟು ಮೆತ್ತಿಕೊಂಡರೆ ಪಟ್ಟಿಯಾಗದೆ ಏನಾಗುತ್ತದೆ? ನಾನು ನಿನಗೆ ಉಮಾಬಾಯಿಯ ಜೋಳವನ್ನೂ ಕಡ್ಲಿಯನ್ನೂ ಬರೆದು ಕಳಿಸಿದೆ, ನೀನು ಅದನ್ನು ಪುಸ್ತಕದಲ್ಲಿ ಹುಡುಕುತ್ತಿದ್ದೀ.

ಅದೇ ರಾತ್ರಿ ಅಡ್ಡಮಳೆ ಬಂತು. ನಿನ್ನೆ ಮುಂಜಾನೆ ಗೋಡೆ ತೊಳೆದಿತ್ತು, ಹಕ್ಕಿಯೂ ತೊಳೆದುಕೊಂಡು ಬಂದಿತ್ತು. ರೆಕ್ಕೆಯಲ್ಲಿ ಪಟ್ಟಿಯೇ ಇಲ್ಲ, ಒಂದೂ ಇಲ್ಲ. ಬೆನ್ನು ಬೂದುಗಂದು. ಹೊಟ್ಟೆ ಮಂಕು ಹಳದಿ. ಹುಬ್ಬಿನ ಹಳದಿ ಮಾತ್ರ ಮಳೆಗೂ ಹೋಗಿರಲಿಲ್ಲ, ಕೊಕ್ಕಿನ ಹತ್ತಿರ ಇನ್ನೂ ಗಾಢ. ಅದು ಅದರ ಸ್ವಂತದ್ದು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಗೋಡೆಯ ಆಚೆ ಇಳಿಯಿತು. ಇಲಿಯಂತೆಯೇ ಇಳಿಯಿತು, ನೀನು ಒಪ್ಪು ಬಿಡು.

ಕೂಗು ಗಿಡ್ಡ. ಏರುವುದೂ ಇಲ್ಲ, ಇಳಿಯುವುದೂ ಇಲ್ಲ. "ಕ್ವಿಪ್", ಅಷ್ಟೇ. ಮತ್ತೆ ಬಹಳ ಹೊತ್ತು ಏನೂ ಇಲ್ಲ.

ಇನ್ನು ಇನ್ನೊಂದು ಗುಟ್ಟು. ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಕೂತಿದ್ದೆ.

ಹಕ್ಕಿಯ ಕೂಗು ನನ್ನ ಮೊಬೈಲಿನಲ್ಲೇ ಉಳಿದಿದೆ. ನಿನಗೆ ಕೈತಪ್ಪಿ ಹೋದದ್ದು ಬೇರೆ ರೆಕಾರ್ಡ್. ಅದರಲ್ಲಿ ಲಕ್ಷ್ಮೀಬಾಯಿ, "ಏನ್ ಹಿಟ್ಟ ಬೀಸೀದಿ ಶಾರದಾ, ರವಾ ಆಗೇದ, ಹಲ್ಲಾಗ ಸಿಗತದ, ನಮ್ಮ ಅತ್ತಿ ನನ್ನ ಹಲ್ಲs ಮುರೀತಾಳ" ಅಂತ ಒದರಾಡಿದ್ದು ಮೊದಲಿನಿಂದ ಕಡೆಯ ತನಕ ಇದೆ. ಹಕ್ಕಿಯ ಸುಳಿವೂ ಇಲ್ಲ. ನೀನು ಅದನ್ನು ಕೇಳಿ, "ಹಕ್ಕಿ ಬಹಳ ದೂರದಲ್ಲಿದೆ" ಎಂದು ಬರೆದೆ.

ಎತ್ತದ ಫೋನು, ಸ್ಟ್ಯಾಂಡಿನಲ್ಲಿ ಭೀಮಶಾ ಒದರಿದ್ದು, ಎಲ್ಲ ಒಂದರ ಪಕ್ಕ ಒಂದು ಬಂದು ಕೂತವು.

ಕಾಂತೇಶ, ನಿನಗೆ ಯಾವಾಗಿನಿಂದ ಕೇಳಿಸುತ್ತಿಲ್ಲ?

ಅಕ್ಕ


ಸೋಲಾಪುರ
೩೦ ಅಕ್ಟೋಬರ್ ೨೦೨೪

ಅಕ್ಕಾ,

ಮೊದಲು ಹಕ್ಕಿ. ನೀನು ಬರೆದದ್ದನ್ನು ಮತ್ತೆ ಓದಿದೆ. ಹಿಟ್ಟು ಕೊಡವಿ ಓದಿದರೆ ಪುಸ್ತಕದಲ್ಲಿ ಒಂದೇ ಹಕ್ಕಿ ಉಳಿಯುತ್ತದೆ: ಗಂಧಕ ಹೊಟ್ಟೆಯ ಉಲಿಯಕ್ಕಿ. ರೆಕ್ಕೆಯಲ್ಲಿ ಪಟ್ಟಿ ಇಲ್ಲದ್ದು, ಗಿಡಕ್ಕಿಂತ ಬಂಡೆ, ಗೋಡೆ ಹಿಡಿದು ಓಡಾಡುವಂಥದ್ದು. ನೀನು ಮೊದಲೇ ಹೇಳಿದ್ದ ಒಂದೇ ಒಂದು ಮಾತು ಸಾಕಿತ್ತು, ಅದನ್ನೇ ನಾನು ಕಥೆ ಎಂದು ಬದಿಗಿಟ್ಟೆ. ನಮ್ಮ ಗುಂಪಿನಲ್ಲಿ ಇದನ್ನೂ ಯಾರೂ ಕಂಡಿಲ್ಲ.

ಎರಡನೆಯದು. ಎರಡು ವರ್ಷದ ಮೇಲಾಯಿತು. ಮಗ್ಗಗಳ ನಡುವೆ ಇಷ್ಟು ವರ್ಷ ನಿಂತವನಿಗೆ ಆಗಲೇಬೇಕಾದದ್ದು. ಪೂರ್ತಿ ಹೋಗಿಲ್ಲ. ಲಾರಿಯ ಹಾರ್ನ್ ಕೇಳಿಸುತ್ತದೆ, ಮಗ್ಗ ಕೇಳಿಸುತ್ತದೆ, ಮಲಗಿದಾಗಲೂ ಕೇಳಿಸುತ್ತದೆ. ಸಣ್ಣ ದನಿಗಳು ಮೊದಲು ಹೋದವು. ಹೋದದ್ದು ಗೊತ್ತೇ ಆಗಲಿಲ್ಲ. ಹಕ್ಕಿಗಳು ಕಡಿಮೆಯಾಗಿವೆ ಎಂದುಕೊಂಡಿದ್ದೆ.

ಹೋದ ವರ್ಷ ಇದೇ ದಿನಗಳಲ್ಲಿ ಹಿಪ್ಪರಗಾ ಕೆರೆಗೆ ಹೋಗಿದ್ದೆವು. ಜಾಲಿಗಿಡದ ಕೆಳಗೆ ನಿಂತಿದ್ದಾಗ ಎಲ್ಲರೂ ಒಮ್ಮೆಲೇ ತಲೆ ಎತ್ತಿದರು. ನಾನು ಅವರ ಮುಖ ನೋಡುತ್ತಿದ್ದೆ. ಕಲ್ಯಾಣಪ್ಪ ಸರ್ ನನ್ನ ಕಡೆ ತಿರುಗಿ ಏನೋ ಕೇಳಿದರು. "ಕಾಂತೇಶ, ಯಾವುದು?" ಎಂದಿರಬೇಕು, ಯಾವಾಗಲೂ ನನ್ನನ್ನೇ ಕೇಳುತ್ತಿದ್ದರು. ಬಾಯಿಗೆ ಬಂದ ಹೆಸರು ಹೇಳಿದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಅವತ್ತಿನಿಂದ ರವಿವಾರ ಮನೆಯಲ್ಲೇ ಇರುತ್ತೇನೆ. ಶೀತಲ ಕಿವಿಗೆ ಮಷೀನ್ ಹಾಕಿಸಿಕೋ ಎನ್ನುತ್ತಾಳೆ. ನಿನಗೆ ತಿಳಿಸಬಾರದೆಂದು ಆಕೆಯಿಂದ ಮಾತು ತೆಗೆದುಕೊಂಡವನು ನಾನೇ, ಆಕೆಯ ಮೇಲೆ ಸಿಟ್ಟಾಗಬೇಡ. ನಿನ್ನ ಹಕ್ಕಿಯ ಕಾಗದ ಬಂದಾಗ, ಕಾಗದದ ಮೇಲೆ ನಾನು ಇನ್ನೂ ಹಳೆಯ ಕಾಂತೇಶನೇ ಎನ್ನಿಸಿತು.

ಭಾವುಬೀಜಕ್ಕೆ ಬರುವುದಿಲ್ಲ, ಅಕ್ಕಾ. ಊಟಕ್ಕೆ ಕೂತಾಗ ಎಲ್ಲರೂ ನಗುತ್ತಾರೆ. ನಾನು ಅವರ ಮುಖ ನೋಡಿಕೊಂಡು ಒಂದು ಗುಟುಕು ತಡವಾಗಿ ನಗುತ್ತೇನೆ. ಆಮೇಲೆ ಯಾರೋ ಜೋರಾಗಿ, ಬಿಡಿಸಿ ಬಿಡಿಸಿ, ಮಗುವಿಗೆ ಹೇಳಿದಂತೆ ಹೇಳುತ್ತಾರೆ. ನಿನ್ನ ಮನೆಯಲ್ಲಿ ಹಾಗೆ ಕೂಡಲಾರೆ.

ಕಾಂತೇಶ


ಕರಜಗಿ
೩೧ ಅಕ್ಟೋಬರ್ ೨೦೨೪

ತಮ್ಮಾ,

ನಿನ್ನ ಪತ್ರ ತಂದುಕೊಟ್ಟ ಭೀಮಶಾನನ್ನು ಬಾಗಿಲಲ್ಲೇ ನಿಲ್ಲಿಸಿ ಇದನ್ನು ಬರೆಯುತ್ತಿದ್ದೇನೆ. "ಬಸ್ ಬಿಡೂ ಟೈಮ್ ಆತ್ರಿ ಅಕ್ಕಾರ" ಅಂತ ಕುಣಿಯುತ್ತಿದ್ದಾನೆ, ಕುಣಿಯಲಿ, ಲಾಡು ಕೊಟ್ಟಿದ್ದೇನೆ.

ನೀನು ನನ್ನ ಗಿರಣಿಯನ್ನು ನಿಂತಾಗ ಮಾತ್ರ ನೋಡಿದ್ದೀ. ಹಬ್ಬಕ್ಕೆ ಬರುವವನು ನೀನು, ಹಬ್ಬದ ದಿನ ಅದು ಬಂದ್ ಇರುತ್ತದೆ. ಓಡುವಾಗ ಬಂದು ನೋಡು. ಮುಂಜಾನೆ ಗುಂಡಿ ಒತ್ತಿದೆನೆಂದರೆ ಮಧ್ಯಾಹ್ನದ ತನಕ ಈ ಗಿರಣಿಯಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ. ನನಗಿಲ್ಲ, ದಾಜಿಗಿಲ್ಲ, ಸರತಿಗೆ ನಿಂತ ಹೆಂಗಸರಿಗಿಲ್ಲ. ಮಾತು ನಿಲ್ಲುತ್ತದೆಯೇ? ಈ ಊರಿನ ಹೆಂಗಸರ ಮಾತನ್ನು ಯಾರಾದರೂ ನಿಲ್ಲಿಸಿದ್ದುಂಟೇ?

ಅಂಗೈಗೆ ಅಂಗೈ ತಟ್ಟಿದರೆ ರೊಟ್ಟಿ, ಎಂದರೆ ಜೋಳ. ಎರಡೂ ಕೈ ಹಿಂದೆ ಮುಂದೆ ಆಡಿಸಿದರೆ ಚಪಾತಿ, ಗೋಧಿ. ಮುಷ್ಟಿಯಲ್ಲಿ ಲಾಡು ಕಟ್ಟಿದರೆ ಕಡ್ಲಿ. ಹೆಬ್ಬೆರಳಿಗೆ ಬೆರಳು ಉಜ್ಜಿದರೆ ಸಣ್ಣಗೆ ಬೀಸು ಅಂತ. ಮೂಗು ತಿರುವಿದರೆ ಅತ್ತೆ. ಮೂಗು ತಿರುವಿ ಕೈ ಮೇಲೆತ್ತಿದರೆ ಅತ್ತೆ ಊರಿಗೆ ಹೋಗಿದ್ದಾಳೆ, ಆವತ್ತು ಎಲ್ಲರ ಮುಖದಲ್ಲೂ ಹಬ್ಬ. ಲಕ್ಷ್ಮೀಬಾಯಿ ತನ್ನ ಮಗಳ ನಿಶ್ಚಯದ ಸುದ್ದಿಯನ್ನು, ಹುಡುಗನ ಎತ್ತರ, ಬಣ್ಣ, ನೌಕರಿ ಸಮೇತ, ಈ ಸದ್ದಿನೊಳಗೆ ತುಟಿ ಪಿಟ್ ಅನ್ನದೆ ಹೇಳಿ ಮುಗಿಸಿದಳು.

ನಮ್ಮ ಹಕ್ಕಿಗೂ ಒಂದು ಸನ್ನೆ ಹುಟ್ಟಿದೆ. ಎಡಗೈ ಗೋಡೆ, ಬಲಗೈಯ ಎರಡು ಬೆರಳು ಅದರ ಮೇಲೆ ಓಡುತ್ತವೆ. ಈಗ ಊರಿನ ಹೆಂಗಸರೆಲ್ಲ ಒಳಗೆ ಬರುತ್ತಲೇ ಕೈಮೇಲೆ ಬೆರಳು ಓಡಿಸಿ, "ಬಂದಿತ್ತೇನು?" ಅಂತ ಕೇಳುತ್ತಾರೆ.

ಭಾವುಬೀಜ ರವಿವಾರ. ಆ ದಿನ ಗಿರಣಿ ಓಡುತ್ತದೆ. ಉಮಾಬಾಯಿಗೆ, ಲಕ್ಷ್ಮೀಬಾಯಿಗೆ, ಇನ್ನೂ ನಾಲ್ಕು ಮನೆಗೆ ಜೋಳ ಹಿಡಿದುಕೊಂಡು ಬರಲು ಹೇಳುತ್ತೇನೆ. ನಿನ್ನ ವಿಷಯ ಯಾರಿಗೂ ಹೇಳುವುದಿಲ್ಲ. ನೀನು ಸದ್ದಿನೊಳಗೆ ಬಾ. ಅಲ್ಲಿ ತಡವಾಗಿ ನಗುವವರು ಯಾರೂ ಇಲ್ಲ.

ಬಾರದಿದ್ದರೆ ಚಂದ್ರ ಇದ್ದೇ ಇದ್ದಾನೆ. ಆದರೆ ಆ ಉಗುರಿಗೆ ಎರಡನೆಯ ಸಲ ಬೆಳಗಲು ನನಗೆ ಮನಸ್ಸಿಲ್ಲ.

ಅಕ್ಕ


ಸೋಲಾಪುರ
೫ ನವೆಂಬರ್ ೨೦೨೪

ಅಕ್ಕಾ,

ನಿನ್ನೆ ಮಧ್ಯಾಹ್ನ ಮನೆ ಮುಟ್ಟಿದೆವು. ಶೀತಲ ನೀನು ಕಟ್ಟಿದ ಹಿಟ್ಟನ್ನು ಡಬ್ಬಿಗೆ ತುಂಬುತ್ತಿದ್ದಾಳೆ. ನನ್ನ ದುರ್ಬೀನಿನ ಸಂದಿಯಿಂದ ಇನ್ನೂ ಹಿಟ್ಟು ಉದುರುತ್ತಿದೆ, ಒರೆಸಲು ಮನಸ್ಸಾಗುತ್ತಿಲ್ಲ.

ರವಿವಾರ ನಿನ್ನ ಕಡೆ ಬಸ್ಸಿನಲ್ಲಿ ಬರುವಾಗ ಏನು ಮಾತಾಡಲಿ, ಯಾರ ಬಾಯಿ ನೋಡಲಿ ಎಂದು ಅಕ್ಕಲಕೋಟೆಯ ತನಕ ಲೆಕ್ಕ ಹಾಕುತ್ತಿದ್ದೆ. ಇಳಿದು ಗಿರಣಿಯ ಬಾಗಿಲಿಗೆ ಬಂದರೆ ನೆಲವೇ ಗುಡುಗುತ್ತಿತ್ತು. ಒಳಗೆಲ್ಲ ಬಿಳಿ ಮಂಜು, ಆ ಮಂಜಿನಲ್ಲಿ ಹೆಂಗಸರು ನೀರಿನೊಳಗಿನ ಮೀನುಗಳಂತೆ ಕೈಯಾಡಿಸುತ್ತಿದ್ದರು. ನೀನು ತಿರುಗಿ ನೋಡಿ, "ಈಗ ಬಂದೆಯಾ?" ಎಂದು ಕೈಯಲ್ಲಿ ಬೈದೆ. ದಾಜಿ ಹೊಟ್ಟೆ ಮುಟ್ಟಿ, ಉಂಡೆಯಾ ಎಂದರು. ಉಮಾಬಾಯಿ ಕೈಮೇಲೆ ಬೆರಳು ಓಡಿಸಿದಳು. ಲಕ್ಷ್ಮೀಬಾಯಿ ಏನೋ ಮಾಡಿದಳು, ಎಲ್ಲರೂ ನಕ್ಕರು, ನಾನೂ ನಕ್ಕೆ. ಎಲ್ಲರ ಜೊತೆಗೇ ನಕ್ಕೆ, ಅಕ್ಕಾ. ಎಷ್ಟು ದಿನಗಳಾಗಿದ್ದವೋ.

ಆಮೇಲೆ ನೀನು ಗುಂಡಿ ಆರಿಸಿದೆ. ಸದ್ದು ನಿಂತದ್ದು ನನಗೆ ಕಾಲಿನಲ್ಲಿ ತಿಳಿಯಿತು. ಹಿಟ್ಟು ಬಿಸಿಲಿನಲ್ಲಿ ನಿಂತಿತ್ತು, ನೀನು ಬರೆದ ಹಾಗೆಯೇ. ಜಾಳಿಗೆಯ ಹತ್ತಿರ ಕೂತೆವು. ಎಷ್ಟು ಹೊತ್ತು ಕೂತೆವೋ ತಿಳಿಯದು. ನನ್ನ ಕನ್ನಡಕದ ಮೇಲೆ ಹಿಟ್ಟು, ದುರ್ಬೀನಿನ ಗಾಜಿನ ಮೇಲೆ ಹಿಟ್ಟು, ಗೋಡೆಯೇ ಒಂದು ಮೋಡದ ಹಾಗಿತ್ತು. ಮೋಡದ ಒಂದು ಚೂರು ಕದಲಿತು. ಹಳದಿ ಹುಬ್ಬು ಕಂಡೆ. ಇನ್ನೂ ಹಿಟ್ಟು ಮೆತ್ತದ, ಪಟ್ಟಿಯಿಲ್ಲದ ರೆಕ್ಕೆ ಕಂಡೆ. ತಲೆಕೆಳಗಾಗಿ ಇಳಿಯಿತು. ಅಷ್ಟೇ. ಇಷ್ಟು ಕೆಟ್ಟದಾಗಿ ಯಾವ ಹಕ್ಕಿಯನ್ನೂ ನಾನು ಕಂಡಿಲ್ಲ, ಇಷ್ಟು ಖಾತ್ರಿಯಾಗಿಯೂ ಕಂಡಿಲ್ಲ.

ಆಗ ನೀನು ನನ್ನ ಮಣಿಕಟ್ಟಿನ ಮೇಲೆ ಬೆರಳಿನಿಂದ ಒಮ್ಮೆ ತಟ್ಟಿದೆ. ಏನೆಂದು ನಿನ್ನ ಮುಖ ನೋಡಿದೆ, ನೀನು ನನ್ನ ಕಡೆ ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದೆ. ಬಹಳ ಹೊತ್ತಿನ ಮೇಲೆ ಇನ್ನೊಮ್ಮೆ ತಟ್ಟಿದೆ. ಗಿಡ್ಡ. ಏರುವುದಿಲ್ಲ, ಇಳಿಯುವುದಿಲ್ಲ.

ನಿನ್ನೆ ಸಂಜೆಯೇ ಕಲ್ಯಾಣಪ್ಪ ಸರ್ ಅವರಿಗೆ ಬರೆದುಕೊಟ್ಟೆ: ಗಂಧಕ ಹೊಟ್ಟೆಯ ಉಲಿಯಕ್ಕಿ, ಕರಜಗಿ, ಗಿರಣಿಯ ಗೋಡೆ. ಕಂಡವರು ಕಾಂತೇಶ, ಶಾರದಾಬಾಯಿ. ಕೂಗು ಕೇಳಿದವರು ಶಾರದಾಬಾಯಿ. ಅವರು ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. "ನನಗೆ ಕೇಳಿಸುವುದಿಲ್ಲ ಸರ್" ಎಂದೆ. ಹೇಳಿಬಿಟ್ಟೆ. ಅವರು ಒಪ್ಪುತ್ತಾರೋ ಇಲ್ಲವೋ ಇನ್ನೂ ಹೇಳಿಲ್ಲ. ಬರುವ ರವಿವಾರ ಹಿಪ್ಪರಗಾಕ್ಕೆ ಬಾ ಎಂದು ಮಾತ್ರ ಕಾಗದದ ಹಿಂದೆ ಬರೆದುಕೊಟ್ಟರು. ಮಷೀನಿನ ಡಾಕ್ಟರರ ಹತ್ತಿರ ಶೀತಲ ಕರೆದುಕೊಂಡು ಹೋಗುತ್ತಾಳಂತೆ. ಹೋಗಿ ನೋಡುತ್ತೇನೆ.

ಆಯಿಯ ಕಥೆಯ ಕಡೆ ನಮಗೆ ಏಕೆ ನೆನಪಿಲ್ಲ ಗೊತ್ತಾಯಿತು. ಆಕೆ ಅಲ್ಲಿಗೆ ಬರುವಷ್ಟರಲ್ಲಿ ನಾವಿಬ್ಬರೂ ನಿದ್ದೆ ಹೋಗಿರುತ್ತಿದ್ದೆವು. ಹಕ್ಕಿಗೆ ಹೆಸರು ಸಿಕ್ಕಿತೋ ಇಲ್ಲವೋ, ಆಕೆಗೂ ಆ ಬೀಸುವ ಕಲ್ಲಿಗೂ ಗೊತ್ತು.

ನಿನ್ನ ತಮ್ಮ
ಕಾಂತೇಶ


ಕರಜಗಿ
೧೦ ನವೆಂಬರ್ ೨೦೨೪

ತಮ್ಮಾ,

ಹಕ್ಕಿ ಹೋಯಿತು. ನಾಲ್ಕು ದಿನದಿಂದ ಗೋಡೆ ಖಾಲಿ. ಯಾವ ಊರಿನ ಗೋಡೆ ಹುಡುಕಿಕೊಂಡು ಹೋಯಿತೋ, ನಮ್ಮೂರಿನ ಹಿಟ್ಟನ್ನು ರೆಕ್ಕೆಯಲ್ಲಿ ಹೊತ್ತು.

ನೀನು ಬಂದ ಸಂಜೆ ಚಂದ್ರ ಮಾಳಿಗೆಯ ಮೇಲೆ ಬಂದು ಬಹಳ ಹೊತ್ತು ನಿಂತಿದ್ದ. ನಾನು ಆರತಿ ತಟ್ಟೆ ಹಿಡಿದು ನಿನ್ನ ಮುಂದೆ ಕೂತಿದ್ದೆ. ಈ ಸಲ ಅವನಿಗೆ ಏನೂ ಸಿಗಲಿಲ್ಲ.

ಇವತ್ತು ಗಿರಣಿ ಓಡುತ್ತಿರುವಾಗ ಉಮಾಬಾಯಿ ಬಂದಳು. ಅಂಗೈ ತಟ್ಟಿದಳು, ಜೋಳ. ಕೈಮೇಲೆ ಬೆರಳು ಓಡಿಸಿದಳು. ನಾನು ಅಂಗೈ ಬಿಚ್ಚಿ ತೋರಿಸಿದೆ, ಹೋಯಿತು. ಜಾಳಿಗೆಯ ಕಡೆ ಒಮ್ಮೆ ಬಗ್ಗಿ ನೋಡಿದಳು. ಆಮೇಲೆ ಎರಡೂ ಕೈಯ ಬೆರಳು ಬಳೆಯಂತೆ ಮಡಿಸಿ ಕಣ್ಣಿಗೆ ಇಟ್ಟುಕೊಂಡು, ದುರ್ಬೀನ್ ಹಿಡಿದಂತೆ, ಹುಬ್ಬು ಮೇಲೆತ್ತಿ ಕೇಳಿದಳು.

ನನಗೆ ಮೊದಲು ತಿಳಿಯಲಿಲ್ಲ. ಹಿಂದೆ ನಿಂತಿದ್ದ ಲಕ್ಷ್ಮೀಬಾಯಿಯೂ ಕಣ್ಣಿಗೆ ಹಾಗೇ ಕೈಯಿಟ್ಟು, ಆಮೇಲೆ ಆ ಕೈಯನ್ನು ಸೋಲಾಪುರದ ದಿಕ್ಕಿಗೆ ಚಾಚಿ, "ಮತ್ತೆ ಯಾವಾಗ?" ಎಂದಳು.

ಅದು ನೀನು, ಕಾಂತೇಶ. ನಮ್ಮ ಗಿರಣಿಯಲ್ಲಿ ನಿನಗೊಂದು ಹೆಸರು ಬಿದ್ದಿದೆ.

ಅಕ್ಕ